ಸಂಜೆಗೆ ಕಹಿಯಾಗುವ ರಸ

“ಇಲ್ಲಿ ಕಹಿ ನೋಡೋರು ಯಾರದಾರ್ರಿ?”

ಧಾರವಾಡದ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಅಂಥ ಪ್ರಶ್ನೆಯನ್ನು ಅದಕ್ಕೂ ಮೊದಲು ಯಾರೂ ಕೇಳಿರಲಿಕ್ಕಿಲ್ಲ. ಕೇಳಿದವರು ವಿಜಾಪುರ ಜಿಲ್ಲೆಯ ಇಂಡಿ ಊರಿನ ಗುರುಲಿಂಗಪ್ಪ. ಎರಡು ಸಾವಿರನೇ ಇಸವಿಯ ಮೇ ತಿಂಗಳು. ಧೋತರ, ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುವ ಗೋಣಿಚೀಲ. ಬೆಳಗಿನ ಬಸ್ಸಿಗೆ ಬಂದು, ಆಫೀಸಿನಲ್ಲಿ ಕೇಳಿ, ಗುಮಾಸ್ತರು ತೋರಿಸಿದ ಕಡೆಗೆಲ್ಲ ಹೋಗಿ, ಕೊನೆಗೆ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಿದ್ದರು.

ಒಳಗೆ ಫ್ಲಾಸ್ಕ್ ತೊಳೆಯುತ್ತಿದ್ದ ವಿದ್ಯಾವತಿ ಬಿರಾದಾರಳಿಗೆ ಆ ಮಾತು ಕೇಳಿ ನಗು ಬಂತು. ಆದರೆ ಮಾತಿನ ಧಾಟಿ ತನ್ನೂರ ಕಡೆಯದು ಎಂದು ಗೊತ್ತಾಗಿ ಕೈ ಒರೆಸಿಕೊಂಡು ಹೊರಗೆ ಬಂದಳು.

“ಯಾವ ಕಹಿರಿ?”

“ಲಿಂಬಿ ರಸದ್ದು. ನಾ ಇಂಡ್ಯಾಗ ರಸ ತಗದು ಬಾಟ್ಲಿ ತುಂಬತೇನ್ರಿ, ಶರಬತ್ತಿಗೆ. ಹೋದ ವರ್ಷದಿಂದ ಕಲಬುರ್ಗಿ ಅಂಗಡಿಯವ್ರು, ಸೊಲ್ಲಾಪುರದವ್ರು ಎಲ್ಲಾರೂ ಮಾಲ ಹೊಳ್ಳಿ ಕಳಸಾಕತ್ಯಾರ. ಕಹಿ ಐತಿ ಅಂತಾರ. ಸರಕಾರಿ ಲ್ಯಾಬಿಗೆ ಕೊಟ್ಟೆ. ಕುಡಿಯಾಕ ಯೋಗ್ಯ ಅಂತ ಬರದು ಕೊಟ್ರು. ಯೋಗ್ಯ ಅನ್ನೂದು ನನಗೂ ಗೊತ್ತೈತ್ರಿ. ಕಹಿ ಯಾಕ ಆಗತೈತಿ ಅಂತ ಒಬ್ರೂ ಹೇಳವಲ್ರು.”

ವಿದ್ಯಾವತಿ ಅವರನ್ನು ತನ್ನ ಗೈಡ್ ಮಂಜರಿ ಕಟ್ಟಿಯವರ ಕೋಣೆಗೆ ಕರೆದುಕೊಂಡು ಹೋದಳು. ಹೋಗುವಾಗ ತಾನೇ ಒಂದು ಬಲೆಯೊಳಗೆ ಕಾಲಿಡುತ್ತಿದ್ದೇನೆ ಎಂದು ಅವಳಿಗೆ ತಿಳಿದಿರಲಿಲ್ಲ.

ವಿದ್ಯಾವತಿಯ ಊರು ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರ. ತಂದೆ ಬಸಂತರಾಯರದು ಜೋಳ, ತೊಗರಿಯ ಒಕ್ಕಲುತನ. ಮಗಳು ಬಾಗೇವಾಡಿಯಲ್ಲಿ ಓದಿ, ವಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಗೆ ಸೇರಿ ನಾಲ್ಕನೆಯ ವರ್ಷಕ್ಕೆ ಬಂದಿದ್ದಳು. ತಾಮ್ರ, ಕೋಬಾಲ್ಟ್, ನಿಕ್ಕೆಲ್‌ನಂಥ ಲೋಹಗಳನ್ನು ಬೇರೆ ಬೇರೆ ಸಾವಯವ ಪದಾರ್ಥಗಳ ಜೊತೆ ಕೂಡಿಸಿ ಹೊಸ ಸಂಯುಕ್ತಗಳನ್ನು ಮಾಡುವುದು, ಅವುಗಳ ರಚನೆ ಕಂಡುಹಿಡಿಯುವುದು ಅವಳ ಕೆಲಸ. ಹಸಿರು, ನೀಲಿ, ಕಂದು ಬಣ್ಣದ ಪುಡಿಗಳು ಪುಟ್ಟ ಸೀಸೆಗಳಲ್ಲಿ ಸಾಲಾಗಿ ಕೂತಿದ್ದವು. ನೋಡಲು ಚಂದ. ಯಾತಕ್ಕೆ ಬರುತ್ತವೆ ಎಂದು ಯಾರಾದರೂ ಕೇಳಿದರೆ ಮಾತ್ರ ಅವಳು ಸ್ವಲ್ಪ ತಡವರಿಸುತ್ತಿದ್ದಳು.

ಮಂಜರಿ ಮೇಡಂಗೆ ಆ ತಡವರಿಕೆ ಗೊತ್ತಿತ್ತು. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದ ಹಿರಿಯ ವಿದ್ಯಾರ್ಥಿಗಳೆಲ್ಲ ಜಿಲ್ಲೆ ಜಿಲ್ಲೆಗಳ ಕಾಲೇಜುಗಳಲ್ಲಿ ಅರೆಕಾಲಿಕ ಉಪನ್ಯಾಸಕರಾಗಿ ಖಾಯಂ ಹುದ್ದೆಗೆ ಕಾಯುತ್ತಿದ್ದರು. ಕಾಯುವುದು ಬಿಟ್ಟು ಬೇರೆ ಏನು ಮಾಡಬಹುದು ಎಂದು ಅವರಿಗೂ ಗೊತ್ತಿರಲಿಲ್ಲ, ಹೇಳಿಕೊಡಬೇಕಾದ ತಮಗೂ ಗೊತ್ತಿರಲಿಲ್ಲ ಎನ್ನುವುದು ಮೇಡಂಗೆ ಬಹಳ ದಿನದಿಂದ ಕೊರೆಯುತ್ತಿತ್ತು. ಆ ವರ್ಷದಿಂದ ತಮ್ಮ ವಿದ್ಯಾರ್ಥಿಗಳೆಲ್ಲ ಪ್ರಬಂಧ ಬರೆಯುವ ಮೊದಲು ಮೂರು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲಿ ಇದ್ದು ಬರಬೇಕು ಎಂದು ತಾವೇ ಒಂದು ನಿಯಮ ಮಾಡಿದ್ದರು. ವಿಶ್ವವಿದ್ಯಾಲಯದ ಯಾವ ಪುಸ್ತಕದಲ್ಲೂ ಆ ನಿಯಮ ಇರಲಿಲ್ಲ. ಔಷಧಿ ಕಂಪನಿಗಳಿಗೆ ಬರೆದರೆ ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು, ನಮ್ಮಲ್ಲಿ ಹೆಣ್ಣುಮಕ್ಕಳಿಗೆ ವಸತಿಯ ಸೋಯಿ ಇಲ್ಲ ಅಂದರು.

ಈಗ ಕಾರ್ಖಾನೆಯೇ ನಡೆದು ಬಂದು ಎದುರಿಗೆ ಕೂತಿತ್ತು. ಮೇಡಂ ಗುರುಲಿಂಗಪ್ಪನವರಿಗೆ ಚಹಾ ತರಿಸಿದರು, ಎಲ್ಲ ಕೇಳಿದರು, ಒಂದು ಬಾಟಲಿ ತೆರೆದು ಮೂಸಿದರು. ಆಮೇಲೆ ವಿದ್ಯಾವತಿಯ ಕಡೆ ತಿರುಗಿದರು.

“ಜೂನ್‌ದಾಗ ನೀ ಇಂಡಿಗೆ ಹೋಗು.”

“ಮೇಡಂ, ನಾ ಮೆಟಲ್ ಮ್ಯಾಲೆ ಕೆಲಸ ಮಾಡಾಕಿ. ಲಿಂಬಿಹಣ್ಣಿನ ಬಗ್ಗೆ ನನಗೇನ್ ಗೊತ್ತೈತ್ರಿ?”

“ಏನೂ ಗೊತ್ತಿಲ್ಲ. ಅದಕ್ಕ ಕಳಸ್ಲಿಕತ್ತೀನಿ. ಗೊತ್ತಿಲ್ಲದ್ದನ್ನ ಹೆಂಗ ಹುಡುಕಬೇಕು ಅನ್ನೋದು ನಾಲ್ಕು ವರ್ಷದಾಗ ಕಲ್ತೀಯೋ ಇಲ್ಲೋ, ನೋಡೋಣು.”

ಊರಿಗೆ ಸುದ್ದಿ ತಿಳಿಸಿದಾಗ ತಾಯಿ ರುಕ್ಮವ್ವ ಮಗಳಿಗೆ ನೌಕರಿ ಹತ್ತಿತೆಂದು ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದಳು.

“ನೌಕರಿ ಅಲ್ಲವ್ವಾ, ಕಲಿಯಾಕ ಹೋಗೂದು.”

“ಇನ್ನೂ ಕಲಿಯೂದನ? ಮತ್ತ ಇಷ್ಟ ದಿನ ಏನ್ ಮಾಡಿದಿ?” ರುಕ್ಮವ್ವ ನಿಜವಾಗಿಯೇ ಗಾಬರಿಯಾಗಿ ಕೇಳಿದಳು.

ಇಂಡಿಯ ಹೊರವಲಯದಲ್ಲಿ, ಲಿಂಬೆ ತೋಟಗಳು ಶುರುವಾಗುವ ಕಡೆ, ತಗಡಿನ ಮಾಡಿನ ಉದ್ದನೆಯ ಕಟ್ಟಡವೇ ಗುರುಲಿಂಗಪ್ಪನವರ ಕಾರ್ಖಾನೆ. ಮುಂಜಾನೆ ಟೆಂಪೋಗಳಲ್ಲಿ ಹಣ್ಣಿನ ಚೀಲಗಳು ಬಂದು ಬೀಳುತ್ತಿದ್ದವು. ಹುಲಿಗೆವ್ವ ಎಂಬ ಗಟ್ಟಿ ದನಿಯ ಹೆಂಗಸು ತನ್ನ ಗುಂಪಿನೊಂದಿಗೆ ಕೂತು ಕೊಳೆತದ್ದನ್ನು ತೆಗೆದು, ಉಳಿದದ್ದನ್ನು ತೊಟ್ಟಿಯಲ್ಲಿ ತೊಳೆದು ಕೊಡುತ್ತಿದ್ದಳು. ಆಮೇಲೆ ಹಣ್ಣು ಯಂತ್ರದ ಬಾಯಿಗೆ. ಒಳಗಿನ ದೊಡ್ಡ ತಿರುಪು ತಿರುಗಿ ತಿರುಗಿ ಇಡೀ ಹಣ್ಣನ್ನು ಹಿಂಡಿ, ಒಂದು ಕಡೆ ರಸ, ಇನ್ನೊಂದು ಕಡೆ ಹಿಪ್ಪೆ ಉಗುಳುತ್ತಿತ್ತು. ರಸಕ್ಕೆ ಕೆಡದಂತೆ ಪುಡಿ ಹಾಕಿ ಬಾಟಲಿ ತುಂಬುವುದು. ಗಾಳಿಯೇ ಹುಳಿಯಾಗಿತ್ತು. ಮೊದಲ ದಿನ ವಿದ್ಯಾವತಿಗೆ ಸುಮ್ಮನೆ ನಿಂತಿದ್ದರೂ ಬಾಯಲ್ಲಿ ನೀರೂರುತ್ತಿತ್ತು.

ವಸತಿಗೆ ಕನ್ಯಾಶಾಲೆಯ ಶಿಕ್ಷಕಿ ಅಬಿದಾ ತನ್ನ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದಳು. ವಿದ್ಯಾವತಿಗಿಂತ ಐದಾರು ವರ್ಷ ದೊಡ್ಡವಳು. ಎರಡು ದಿನದಲ್ಲಿ ಅಬಿದಾಕ್ಕ ಆದಳು.

ಗುರುಲಿಂಗಪ್ಪ ದಿನಾ ಬೆಳಿಗ್ಗೆ ಯಂತ್ರದ ಬಾಯಿಂದ ಬಿದ್ದ ಮೊದಲ ರಸಕ್ಕೆ ತಂಬಿಗೆ ಹಿಡಿದು, ನೀರು ಸಕ್ಕರೆ ಬೆರೆಸಿ ಎಲ್ಲರೆದುರು ಕುಡಿಯುತ್ತಿದ್ದರು. ಮೊದಲ ದಿನ ವಿದ್ಯಾವತಿಯ ಮುಂದೂ ಲೋಟ ಹಿಡಿದರು. “ನೋಡ್ರಿ ಬಾಯಾರ. ಇದು ಕಹಿ ಐತೇನ್ರಿ?”

ವಿದ್ಯಾವತಿ ಹಿಂಜರಿದಳು. ಪ್ರಯೋಗಾಲಯದಲ್ಲಿ ಏನನ್ನೂ ನಾಲಿಗೆಗೆ ಮುಟ್ಟಿಸಬಾರದು ಎನ್ನುವುದು ಅವಳಿಗೆ ಮೊದಲ ದಿನ ಕಲಿಸಿದ ಪಾಠ. ಇಲ್ಲಿ ನಾಲಿಗೆಯೇ ಉಪಕರಣ. ಕುಡಿದು ನೋಡಿದಳು. ಹುಳಿ ಇತ್ತು, ಸವಿ ಇತ್ತು. ಕಹಿಯ ಸುಳಿವೇ ಇರಲಿಲ್ಲ.

“ಇಲ್ರಿ.”

“ಮತ್ತ! ಇಲ್ಲಿ ಇಲ್ಲದ ಕಹಿ ಕಲಬುರ್ಗಿಗೆ ಹೋಗೂದ್ರಾಗ ಎಲ್ಲಿಂದ ಬರತೈತಿ?”

ಅವರು ಬಾಟಲಿ ಬದಲಿಸಿದ್ದರು, ಬಿರಡೆ ಬದಲಿಸಿದ್ದರು, ಡ್ರೈವರ್ ಬಿಸಿಲಲ್ಲಿ ಗಾಡಿ ನಿಲ್ಲಿಸುತ್ತಾನೆಂದು ಅವನ ಜೊತೆ ಜಗಳವಾಡಿದ್ದರು. ಅಂಗಡಿಯವರ ಮೇಲೂ ಅವರಿಗೆ ಗುಮಾನಿ ಇತ್ತು.

ವಿದ್ಯಾವತಿ ಕಾರ್ಖಾನೆಯಲ್ಲೆಲ್ಲ ಓಡಾಡಿ ನೋಡಿದಳು. ಯಂತ್ರವನ್ನು ಕಂಡ ಕೂಡಲೇ ಅವಳ ಕಣ್ಣು ಅರಳಿತು. ತಿರುಪು ಕಬ್ಬಿಣದ್ದು. ಹಣ್ಣಿನ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಲೋಹ ರಸಕ್ಕೆ ಇಳಿಯುತ್ತದೆ, ಅಲ್ಲಿ ಏನನ್ನೋ ಹಿಡಿದು ಕೂಡಿಕೊಳ್ಳುತ್ತದೆ. ಇದು ಅವಳ ಲೋಕ. ನಾಲ್ಕು ವರ್ಷ ಅವಳು ಮಾಡಿದ್ದು ಇದನ್ನೇ. ಯಂತ್ರ ಬಂದದ್ದು ಯಾವಾಗ ಎಂದು ಕೇಳಿದಳು. ಹೋದ ವರ್ಷ, ಕೊಲ್ಲಾಪುರದಿಂದ. ಅದಕ್ಕೂ ಮೊದಲು ಹುಲಿಗೆವ್ವನ ಗುಂಪು ಹಣ್ಣು ಕೊಯ್ದು ಕೈಯಿಂದಲೇ ಹಿಂಡುತ್ತಿತ್ತು. ಕಹಿಯ ದೂರು ಬಂದದ್ದೂ ಹೋದ ವರ್ಷದಿಂದಲೇ.

ಇನ್ನೇನು ಬೇಕು? ಧಾರವಾಡಕ್ಕೆ ಮಾದರಿ ಒಯ್ದಳು, ರಸದಲ್ಲಿ ಕಬ್ಬಿಣ ಅಳೆದಳು. ಇತ್ತು. ಮೂರು ವಾರದ ಕೆಲಸವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ನಕ್ಷೆ ಸೇರಿಸಿ, ರಟ್ಟು ಹಾಕಿಸಿ ತಂದು ಗುರುಲಿಂಗಪ್ಪನವರ ಮೇಜಿನ ಮೇಲಿಟ್ಟಳು. ಅವರು ಹಾಳೆಗಳನ್ನು ಒಂದೊಂದಾಗಿ ಮರ್ಯಾದೆಯಿಂದ ತಿರುವಿದರು. ಆಮೇಲೆ ಕೇಳಿದರು:

“ಭಾಳ ಚಲೋ ಆಗೈತ್ರಿ. ನಾಳಿ ಮುಂಜಾನೆ ಬಂದು ನಾ ಏನ್ ಮಾಡ್ಲಿ, ಅದನ್ನ ಹೇಳ್ರಿ.”

ಅದನ್ನು ಅವಳು ಬರೆದೇ ಇರಲಿಲ್ಲ. ನಿಂತಲ್ಲೇ ಯೋಚಿಸಿ ಹೇಳಿದಳು: “ಕಬ್ಬಿಣದ ತಿರುಪು ತಗದು ಸ್ಟೀಲಿಂದು ಹಾಕಸ್ರಿ.”

ಕಾರ್ಖಾನೆಯ ಮಿಸ್ತ್ರಿ ರಸೂಲಸಾಬ ಯಂತ್ರ ಬಿಚ್ಚಿದ. ಸೊಲ್ಲಾಪುರದ ವರ್ಕ್‌ಶಾಪಿನಲ್ಲಿ ಕೂತು ಸ್ಟೀಲಿನ ತಿರುಪು ಮಾಡಿಸಿಕೊಂಡು ಬಂದ. ಅಷ್ಟು ದಿನ ಯಂತ್ರ ನಿಂತಿತ್ತು. ಮತ್ತೆ ಶುರುವಾದ ಮೇಲೆ ಹೊಸ ಮಾಲು ಹೋಯಿತು. ವಾರದೊಳಗೆ ಕಲಬುರ್ಗಿಯಿಂದ ಟೆಂಪೋ ಮಾಲಿನ ಸಮೇತ ಮರಳಿ ಬಂತು. ಅವೇ ಬಾಟಲಿಗಳು. ಅದೇ ಕಹಿ.

ಗುರುಲಿಂಗಪ್ಪ ಬಯ್ಯಲಿಲ್ಲ. ಬೆಳಿಗ್ಗೆ ತಂಬಿಗೆ ಹಿಡಿದಾಗ ಅವಳನ್ನು ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ವಿದ್ಯಾವತಿಗೆ ಅದು ಬಯ್ಗುಳಕ್ಕಿಂತ ಹೆಚ್ಚು ಚುಚ್ಚಿತು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಮೇಡಂಗೆ ಫೋನು ಮಾಡಿದಳು.

“ಮೇಡಂ, ನನ್ನಿಂದ ತಪ್ಪಾತ್ರಿ. ಹೊಳ್ಳಿ ಬರ್ತೇನಿ.”

“ಕಬ್ಬಿಣ ಇದ್ದದ್ದು ಸುಳ್ಳೇನು?”

“ಸುಳ್ಳಲ್ರಿ. ಇತ್ತು.”

“ಹಂಗಾದ್ರ ನಿನ್ನ ಉತ್ತರ ಖರೇನ ಅದ. ಪ್ರಶ್ನಿ ಮಾತ್ರ ನಿಂದು, ಅವರದಲ್ಲ. ಅವರು ಕಬ್ಬಿಣ ಎಷ್ಟದ ಅಂತ ಕೇಳಿದ್ರೇನು? ನಿನಗ ಲೋಹ ಬರ್ತದ, ಅದಕ್ಕ ಲೋಹ ಕಂಡಿ. ನನಗೂ ಹಂಗ ಆಗ್ತದ. ಇನ್ನೂ ದಿನ ಅವ. ನೀ ಆ ಕಹಿಯನ್ನ ಒಮ್ಮೆರ ರುಚಿ ನೋಡೀಯೇನು?”

ನೋಡಿರಲಿಲ್ಲ. ಬೆಳಗಿನ ಸಿಹಿ ರಸವನ್ನಷ್ಟೇ ಕುಡಿದಿದ್ದಳು. ಹೊರಳಿ ಬಂದ ಬಾಟಲಿಗಳನ್ನು ಉಪಕರಣಕ್ಕೆ ಹಾಕಿದ್ದಳೇ ಹೊರತು ಬಾಯಿಗೆ ಹಾಕಿರಲಿಲ್ಲ. ಬೂತಿನಿಂದ ನೇರವಾಗಿ ಕಾರ್ಖಾನೆಗೆ ಹೋಗಿ ಒಂದನ್ನು ಬಿಚ್ಚಿ ಒಂದು ಹನಿ ನಾಲಿಗೆಗಿಟ್ಟಳು. ಮೊದಲು ಹುಳಿ. ಹುಳಿ ಇಳಿದ ಮೇಲೆ ಗಂಟಲ ಹತ್ತಿರ ಎಲ್ಲಿಂದಲೋ ಮೆಲ್ಲಗೆ ಎದ್ದು ಬಂದ ಕಹಿ. ಲೋಹದ ರುಚಿ ಅಲ್ಲವೇ ಅಲ್ಲ. ಇದೊಂದು ಬೇರೆಯೇ ಪದಾರ್ಥ ಎಂದು ಅವಳಿಗೆ ಆ ಕ್ಷಣ ಖಾತ್ರಿಯಾಯಿತು. ಯಾವುದು? ಎಲ್ಲಿತ್ತು? ನಾಚಿಕೆ ಕರಗಿ ಆ ಜಾಗದಲ್ಲಿ ಕುತೂಹಲ ಬಂದು ಕೂತಿತು.

ಮುಂದಿನದು ಅಬಿದಾಳ ಅಡುಗೆಮನೆಯಲ್ಲಿ ಆಯಿತು. ಒಂದು ದಿನ ಬೆಳಿಗ್ಗೆ ವಿದ್ಯಾವತಿ ಯಂತ್ರದಿಂದ ಬಿದ್ದ ತಾಜಾ ರಸವನ್ನು ಒಂದು ಡಬ್ಬಿಯಲ್ಲಿ ಮನೆಗೆ ತಂದಿಟ್ಟು ಹೋಗಿದ್ದಳು. ಸಂಜೆ ಶಾಲೆ ಮುಗಿಸಿ ಬಂದ ಅಬಿದಾ ಬಾಯಾರಿ ಶರಬತ್ತು ಮಾಡಿಕೊಂಡು, ಒಂದು ಗುಟುಕು ಕುಡಿದವಳೇ ಉಗುಳಿದಳು.

“ಏ ವಿದ್ಯಾ! ಇದೇನ್ ತಂದೀಯ? ಬೇವಿನ ಕಷಾಯ ಇದ್ದಂಗೈತಿ!”

“ಮುಂಜಾನೆ ನಾ ಕುಡದೇನಲ್ಲ ಅಕ್ಕಾ, ಚಲೋ ಇತ್ತು.”

“ಮುಂಜಾನೆ ಇದ್ದಿರಬೇಕು. ಈಗ ನೀನ ಕುಡಿ.”

ವಿದ್ಯಾವತಿ ಕುಡಿದಳು. ಕಹಿ. ಬಾಟಲಿ ಇಲ್ಲ, ಬಿರಡೆ ಇಲ್ಲ, ಡ್ರೈವರ್ ಇಲ್ಲ, ಬಿಸಿಲಿಲ್ಲ. ಡಬ್ಬಿ ಇಡೀ ದಿನ ತಣ್ಣಗೆ ನೆರಳಿನಲ್ಲಿ ಕೂತಿತ್ತು. ಯಾರೂ ಏನೂ ಮಾಡದೆ ರಸ ತಾನಾಗಿಯೇ ಕಹಿಯಾಗಿತ್ತು. ಗುರುಲಿಂಗಪ್ಪ ಹೇಳಿದ್ದೂ ಸುಳ್ಳಲ್ಲ, ಕಲಬುರ್ಗಿಯವರು ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ಒಂದೇ ರಸವನ್ನು ಬೇರೆ ಬೇರೆ ಹೊತ್ತಿನಲ್ಲಿ ಕುಡಿದಿದ್ದರು.

ಮರುದಿನ ಅಬಿದಾಳ ಮನೆಯ ಕಟ್ಟೆಯ ಮೇಲೆ ಸ್ಟೀಲಿನ ಲೋಟಗಳ ಸಾಲು ಕೂತಿತು. ಒಂದರಲ್ಲಿ ಕೈಯಿಂದ ಮೆಲ್ಲಗೆ ಹಿಂಡಿ ಸೋಸಿದ ರಸ. ಇನ್ನೊಂದರಲ್ಲಿ ಅದೇ ರಸಕ್ಕೆ ಜಜ್ಜಿದ ಬೀಜ. ಮತ್ತೊಂದರಲ್ಲಿ ತೊಳೆಗಳ ನಡುವಿನ ಬಿಳಿ ಪರೆ. ಮಗದೊಂದರಲ್ಲಿ ಸಿಪ್ಪೆಯ ಹಸಿರು ಭಾಗ ಮಾತ್ರ. ಪ್ರತಿ ಸಲವೂ ಒಂದನ್ನು ಬದಲಿಸಿ ಉಳಿದದ್ದನ್ನೆಲ್ಲ ಹಾಗೆಯೇ ಇಡುವುದು, ಅವಳಿಗೆ ಧಾರವಾಡದಲ್ಲಿ ಉಸಿರಾಟದಷ್ಟು ರೂಢಿಯಾಗಿದ್ದ ಕ್ರಮ. ಸಂಜೆ ಇಬ್ಬರೂ ಚಮಚ ಹಿಡಿದು ಕೂತರು. ಯಾವ ಲೋಟದಲ್ಲಿ ಏನಿದೆ ಎಂದು ಅಬಿದಾಗೆ ಹೇಳಿರಲಿಲ್ಲ. ಅವಳು ಮುಖ ಕಿವುಚಿದ್ದು ಎರಡೇ ಕಡೆ: ಬೀಜದ್ದು, ಬಿಳಿ ಪರೆಯದು. ಸಿಪ್ಪೆಯದಕ್ಕೆ ಘಾಟಿತ್ತು, ಆದರೆ ಆ ಕಹಿ ಇರಲಿಲ್ಲ.

ಎಳೆಯ ಹಸಿರು ಹಣ್ಣನ್ನೂ ಮಾಗಿದ ಹಳದಿ ಹಣ್ಣನ್ನೂ ಬೇರೆ ಮಾಡಿ ನೋಡಿದಳು. ಹಸಿರಿನದು ಹೆಚ್ಚು ಕಹಿ. ಧಾರವಾಡದ ಗ್ರಂಥಾಲಯಕ್ಕೆ ಹೋಗಿ ತಾನು ಎಂದೂ ಮುಟ್ಟದ ಕಪಾಟಿನ ಹಳೆಯ ಪತ್ರಿಕೆಗಳನ್ನು ತೆಗೆದಳು. ಕಿತ್ತಳೆ, ಮೋಸಂಬಿಯವರು ಈ ಕಹಿಯನ್ನು ಬಹಳ ಹಿಂದೆಯೇ ಕಂಡಿದ್ದರು. ಅದಕ್ಕೆ ಲಿಮೊನಿನ್ ಎಂಬ ಹೆಸರೂ ಇತ್ತು. ಹಣ್ಣಿನ ಬೀಜ, ಪರೆಗಳಲ್ಲಿ ರುಚಿಯೇ ಇಲ್ಲದ ಒಂದು ಪದಾರ್ಥ ಸುಮ್ಮನೆ ಕೂತಿರುತ್ತದೆ. ಹಣ್ಣು ಜಜ್ಜಿದಾಗ ಅದು ರಸದ ಹುಳಿಗೆ ಸಿಕ್ಕುತ್ತದೆ. ಹುಳಿಯೊಳಗೆ ಕೂತು ಗಂಟೆಗಟ್ಟಲೆ ಮೆಲ್ಲಮೆಲ್ಲಗೆ ಕಹಿಯಾಗಿ ಬದಲಾಗುತ್ತದೆ. ಓದುತ್ತಾ ವಿದ್ಯಾವತಿ ಒಬ್ಬಳೇ ನಕ್ಕಳು. ಒಯ್ದ ಹಣ್ಣನ್ನು ಪ್ರಯೋಗಾಲಯದಲ್ಲೇ ಜಜ್ಜಿ ಹಿಂಡಿ, ಪುಡಿ ಲೇಪಿಸಿದ ಗಾಜಿನ ಪಟ್ಟಿಯ ಮೇಲೆ ರಸದ ಚುಕ್ಕೆಯಿಟ್ಟು, ಅದರೊಳಗಿನ ಪದಾರ್ಥಗಳು ಬೇರೆ ಬೇರೆಯಾಗುವಂತೆ ದ್ರಾವಣ ಏರಿಸಿ, ಮೇಲೆ ಔಷಧಿ ಸಿಂಪಡಿಸಿದಾಗ ಬೆಳಗಿನ ರಸಕ್ಕೆ ಕಾಣದ ಕೆಂಪು-ಕಿತ್ತಳೆ ಕಲೆ ಸಂಜೆಯ ರಸಕ್ಕೆ ಎದ್ದು ಬಂತು. ಮಂಜರಿ ಮೇಡಂ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದನ್ನ ಅವರಿಗೆ ಹೆಂಗ ಹೇಳ್ತಿ?” ಎಂದು ಕೇಳಿದರು.

ಈ ಸಲ ವಿದ್ಯಾವತಿ ಟೈಪು ಮಾಡಿಸಲಿಲ್ಲ. ಇಂಡಿಗೆ ಬರುವ ಬಸ್ಸಿನಲ್ಲಿ ಅವಳ ತಲೆಯಲ್ಲಿ ಒಂದೇ ಯೋಚನೆ. ಕಹಿಯಾಗುವ ರಸ ಯಾವುದು ಎಂದು ತಿಳಿಯಲು ಸಂಜೆಯತನಕ ಕಾದರೆ ಅಷ್ಟರಲ್ಲಿ ಬಾಟಲಿಗಳು ತುಂಬಿ ಹೋಗಿರುತ್ತವೆ. ಗಾಜಿನ ಪಟ್ಟಿ ಕಾರ್ಖಾನೆಯಲ್ಲಿ ನಡೆಯುವ ಮಾತಲ್ಲ. ಕಾಯುವ ಹೊತ್ತನ್ನು ಕಡಿಮೆ ಮಾಡುವುದು ಹೇಗೆ? ಬದಲಾವಣೆ ಬೇಗ ಆಗಬೇಕಾದರೆ ರಸಾಯನಶಾಸ್ತ್ರದವರು ಮೊದಲು ಮಾಡುವುದು ಏನು? ಬಿಸಿ.

ಮರುದಿನ ಬೆಳಿಗ್ಗೆ ಗುರುಲಿಂಗಪ್ಪ ತಂಬಿಗೆ ಹಿಡಿಯುವ ಹೊತ್ತಿಗೆ ಅವಳು ಒಂದು ಸಣ್ಣ ಸ್ಟೋವು ಹಚ್ಚಿಕೊಂಡು ಕೂತಿದ್ದಳು.

“ಸಾವುಕಾರ್ರ, ಇವತ್ತೊಂದಿನ ಕುಡಿಯೂಕಿಂತ ಮೊದಲ ಸ್ವಲ್ಪ ರಸ ನನಗ ಕೊಡ್ರಿ.”

ರಸವನ್ನು ಪಾತ್ರೆಗೆ ಹಾಕಿ ಕುದಿಸಿದಳು, ನೀರಿನಲ್ಲಿಟ್ಟು ಆರಿಸಿದಳು. ಒಂದು ಲೋಟದಲ್ಲಿ ಹಸಿ ರಸದ ಶರಬತ್ತು, ಇನ್ನೊಂದರಲ್ಲಿ ಕುದಿಸಿದ ರಸದ್ದು. ಗುರುಲಿಂಗಪ್ಪ ಎರಡನ್ನೂ ಕುಡಿದರು. ಎರಡನೆಯದು ಬಾಯಿಗೆ ಹೋದೊಡನೆ ಅವರ ಮೀಸೆ ಅಲುಗಿತು. ಹುಲಿಗೆವ್ವ ಕುಡಿದಳು, ರಸೂಲಸಾಬ ಕುಡಿದ.

“ಅಯ್ಯ ಯವ್ವಾ, ಇದ ನೋಡು ಆ ಕಹಿ!” ಎಂದಳು ಹುಲಿಗೆವ್ವ.

“ಕಲಬುರ್ಗಿಗೆ ಹೋಗೂದ್ರಾಗ ಆಗೂದು ಇಲ್ಲೇ ಆತ್ರಿ,” ಎಂದಳು ವಿದ್ಯಾವತಿ. “ಹಣ್ಣಿನ ಬೀಜ, ಬಿಳಿ ಪರಿ ಜಜ್ಜಿದ್ರ ರಸ ಸಂಜಿಕ ಕಹಿ ಆಗತೈತಿ. ಮೆತ್ತಗ ಹಿಂಡಿ ಲಗೂನ ಸೋಸಿದ್ರ ಆಗೂದಿಲ್ಲ.”

ಕಾರಣ ತಿಳಿದರೆ ಎಲ್ಲ ಮುಗಿಯಿತು ಎಂದು ಅವಳು ತಿಳಿದಿದ್ದಳು. ಗುರುಲಿಂಗಪ್ಪನವರ ಮುಖ ಮಾತ್ರ ಗಂಟಾಯಿತು.

“ಮೆತ್ತಗ ಹಿಂಡಿದ್ರ ರಸ ಎಷ್ಟ ಕಡಿಮಿ ಬೀಳತೈತಿ ಗೊತ್ತೇನ್ರಿ? ಅದಕ್ಕ ಅಲ್ಲೇನ್ರಿ ನಾ ಮಿಷನ್ ತಂದಿದ್ದು? ಉಳದ ರಸ ಹಿಪ್ಪಿ ಜೋಡಿ ತಿಪ್ಪಿಗೆ ಚೆಲ್ಲಲೇನ್ರಿ?”

ಮೊದಲಾಗಿದ್ದರೆ ವಿದ್ಯಾವತಿ ಏನಾದರೂ ಹೇಳಿಬಿಡುತ್ತಿದ್ದಳು. ಈಗ, “ಗೊತ್ತಿಲ್ರಿ. ನೋಡೂಣಂತ,” ಎಂದಳು. ಇಬ್ಬರೂ ಆ ಬೆಳಿಗ್ಗೆಯೆಲ್ಲ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ವಾದ ಮಾಡಿದರು. ಕಹಿಯಾದರೂ ನಡೆಯುವ ಜಾಗ ಯಾವುದಾದರೂ ಇದೆಯೇ ಎಂದು ವಿದ್ಯಾವತಿ ಕೇಳಿದಾಗ ಗುರುಲಿಂಗಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

“ಉಪ್ಪಿನಕಾಯಾಗ ನಡೀತೈತಿ. ಉಪ್ಪು, ಖಾರ ಹಾಕಿದ್ರ ಯಾರಿಗೂ ಗೊತ್ತ ಆಗೂದಿಲ್ಲ. ಸ್ವಲ್ಪ ಕಹಿ ಇದ್ರ ಜನಕ್ಕ ಬೇಕೂ ಅನ್ನಸತೈತಿ.”

ಹೀಗೆ ರಸೂಲಸಾಬ ತಿರುಪನ್ನು ಸಡಿಲು ಮಾಡಿದ. ಮಾಗಿದ ಹಣ್ಣಿನ ಮೊದಲ ಮೆದು ಹಿಂಡಿಕೆ ತಕ್ಷಣ ಸೋಸಿ ಬಾಟಲಿಗೆ. ಅದೇ ಹಿಪ್ಪೆಯನ್ನು ಮತ್ತೆ ಬಿಗಿಯಾಗಿ ಹಿಂಡಿದ ರಸ, ಮತ್ತು ಹಸಿರು ಹಣ್ಣು, ಉಪ್ಪಿನಕಾಯಿಗೆ. ಪ್ರತಿ ತೊಟ್ಟಿಯ ರಸವನ್ನೂ ಕುದಿಸಿ ರುಚಿ ನೋಡುವ ಕೆಲಸ ಹುಲಿಗೆವ್ವನ ಪಾಲಿಗೆ ಬಂತು. ವಿದ್ಯಾವತಿ ಹೊರಡುವ ವಾರದ ತನಕ ಕಲಬುರ್ಗಿಯಿಂದ ಟೆಂಪೋ ಹೊರಳಿ ಬರಲಿಲ್ಲ. ಸೊಲ್ಲಾಪುರದ ಒಬ್ಬ ಅಂಗಡಿಕಾರ ಮಾತ್ರ, ನಂಬಿಕೆ ಹೋದ ಮೇಲೆ ಹೋಯಿತು ಎಂದು ಮತ್ತೆ ಮಾಲು ತೆಗೆದುಕೊಳ್ಳಲೇ ಇಲ್ಲ.

ಇದರಿಂದ ಅವಳ ಬಾಳು ಒಮ್ಮೆಲೇ ಬದಲಾಯಿತು ಎಂದೇನಿಲ್ಲ. ಧಾರವಾಡಕ್ಕೆ ಹೋಗಿ ಪ್ರಬಂಧ ಬರೆದಳು. ಅದರಲ್ಲಿ ಲಿಂಬೆಯ ಒಂದು ಸಾಲೂ ಇಲ್ಲ. ಡಾಕ್ಟರೇಟು ಬಂದ ಮೇಲೆ ಎಲ್ಲರಂತೆ ಸಿಂದಗಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿ ಒಂದು ವರ್ಷ ಕಲಿಸಿದಳು. ಕಲಿಸುವುದು ಅವಳಿಗೆ ಇಷ್ಟವೇ ಆಗಿತ್ತು. ಆದರೆ ಕಾಲೇಜಿಗೆ ಹೋಗುವ ದಾರಿಯಲ್ಲಿದ್ದ ದಾಲ್ ಮಿಲ್ಲಿನ ಮುಂದೆ ಹಾಯುವಾಗೆಲ್ಲ ಹೆಜ್ಜೆ ನಿಧಾನವಾಗುತ್ತಿತ್ತು. ಅಂಗಳದಲ್ಲಿ ಎಣ್ಣೆ ಸವರಿದ ತೊಗರಿ ಯಾಕೆ ಬಿಸಿಲಿಗೆ ಹಾಕಿದ್ದಾರೆ? ಒಂದು ದಿನದ ಬೇಳೆ ದುಂಡಗೆ, ಇನ್ನೊಂದು ದಿನದ್ದು ಯಾಕೆ ಅಷ್ಟು ಒಡೆದಿದೆ? ಕೇಳಬೇಕೆನ್ನಿಸುತ್ತಿತ್ತು. ಒಂದು ದಿನ ಒಳಗೆ ಹೋಗಿ ಕೇಳಿಯೂ ಬಿಟ್ಟಳು. ಮಾಲಕ ಶ್ರೀಶೈಲಪ್ಪ, ಬೇಳೆ ಕೊಳ್ಳಲು ಬಂದಿರಬೇಕೆಂದು ತೂಕದ ಕಲ್ಲು ಎತ್ತಿಕೊಂಡವರು, ಅವಳ ಪ್ರಶ್ನೆ ಕೇಳಿ ಅದನ್ನು ಕೆಳಗಿಟ್ಟು ಕೂಡ್ರಲು ಹೇಳಿದರು.

ಆಗ ತಾನು ಹೋಗಬೇಕಾದದ್ದು ಕಾರ್ಖಾನೆಗಳ ಕಡೆಗೆ ಎಂದು ಅವಳಿಗೆ ಸ್ಪಷ್ಟವಾಯಿತು. ಕೆಲಸಕ್ಕೆ ಅರ್ಜಿ ಹಾಕತೊಡಗಿದಳು. ಪುಣೆಯ ಒಂದು ಕಂಪನಿ, ನಮಗೆ ಆಹಾರ ತಂತ್ರಜ್ಞಾನ ಓದಿದವರೇ ಬೇಕು ಎಂದು ಬಾಗಿಲಿನಿಂದಲೇ ಕಳಿಸಿತು. ಹುಬ್ಬಳ್ಳಿಯ ಮಸಾಲೆ, ಉಪ್ಪಿನಕಾಯಿ ತಯಾರಿಸುವ ಕಂಪನಿಯ ಸಂದರ್ಶನದಲ್ಲಿ, ನೀವು ಮಾಡಿದ ಒಂದು ಕೆಲಸದ ಬಗ್ಗೆ ಹೇಳಿ ಎಂದಾಗ ಅವಳು ತನ್ನ ನೀಲಿ ಹಸಿರು ಪುಡಿಗಳನ್ನು ಬಿಟ್ಟು ಸ್ಟೀಲಿನ ತಿರುಪಿನ ಕತೆ ಹೇಳಿದಳು. ಎದುರಿಗೆ ಕೂತವರಲ್ಲಿ ಒಬ್ಬರು ಮುಂದೆ ಬಾಗಿ, “ಆಮ್ಯಾಲೆ?” ಎಂದು ಕೇಳಿದರು. ಅವರು ಹಾಗೆ ಮೂರು ನಾಲ್ಕು ಸಲ ಕೇಳಿದರು. ಆ ಕೆಲಸ ಅವಳಿಗೆ ಸಿಕ್ಕಿತು.

ಮಂಜರಿ ಮೇಡಂ ನಿಯಮ ಬಿಟ್ಟಿರಲಿಲ್ಲ. ಬೇರೆ ವಿಭಾಗದವರೂ ಒಬ್ಬೊಬ್ಬರಾಗಿ ತಮ್ಮ ಹುಡುಗರನ್ನು ಕಳಿಸುತ್ತೇವೆ ಎಂದು ಬರತೊಡಗಿದ ಮೇಲೆ ಜಾಗ ಹುಡುಕುವುದು ವಿದ್ಯಾವತಿಯ ಮೇಲೆ ಬಿತ್ತು. ರಜೆಗೆ ಊರಿಗೆ ಬಂದಾಗ ಅವಳು ತಂದೆಯ ಮೋಟರ್ ಸೈಕಲ್ಲಿನ ಹಿಂದೆ ಕೂತು ಇಂಡಿ, ಸಿಂದಗಿ, ಮುದ್ದೇಬಿಹಾಳ ತಿರುಗುತ್ತಿದ್ದಳು. ಬಸಂತರಾಯರಿಗೆ ಆ ತಿರುಗಾಟ ಹಿಡಿಸಿಬಿಟ್ಟಿತ್ತು. ಮಗಳು ಒಳಗೆ ಮಾತಾಡುವಾಗ ತಾವೂ ಹೋಗಿ ಎಣ್ಣೆಯ ಗಾಣ, ಬೇಳೆಯ ಯಂತ್ರ ಎಲ್ಲವನ್ನೂ ಮುಟ್ಟಿ ನೋಡಿ, ಅವಳಿಗಿಂತ ಹೆಚ್ಚು ಪ್ರಶ್ನೆ ಕೇಳಿ ಬರುತ್ತಿದ್ದರು.

ಮಾಲಕರನ್ನು ಒಪ್ಪಿಸುವುದು ಸುಲಭ ಇರಲಿಲ್ಲ. “ಅವ್ರು ಬಂದು ನಮಗ ಏನ್ ಕಲಸ್ತಾರ್ರಿ?” ಎಂದು ಶ್ರೀಶೈಲಪ್ಪ ಕೇಳಿದರು.

“ಏನೂ ಕಲಸೂದಿಲ್ರಿ. ಮೊದಲ ಹದಿನೈದು ದಿನ ಸುಮ್ನ ನೋಡ್ತಾರ. ಏನರ ಉತ್ತರ ಹೇಳಾಕ ಬಂದ್ರ ನೀವು ಕೇಳಬ್ಯಾಡ್ರಿ.”

ಅವರು ಒಪ್ಪಿದ ಮೇಲೆ ಆ ಮಿಲ್ಲಿಗೆ ಹೋದ ಪ್ರಾಣಿಶಾಸ್ತ್ರದ ಅನಿಲ ತೊಗರಿಯ ನುಸಿಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಗಾಜಿನ ಜಾಡಿಯಲ್ಲಿ ಸಾಕಿದ ಹುಳುಗಳನ್ನು ಮಾತ್ರ ಕಂಡವನು, ಗೋದಾಮಿನ ಚೀಲದ ರಾಶಿಯಲ್ಲಿ ಅವು ಎಲ್ಲಿ ಇರುತ್ತವೆ, ಎಲ್ಲಿ ಇರುವುದಿಲ್ಲ ಎಂದು ಹುಡುಕುತ್ತ ಮೂರು ತಿಂಗಳಿನ ಬದಲು ಆರು ತಿಂಗಳು ಇದ್ದುಬಿಟ್ಟ. ಈಗ ಧಾನ್ಯ ದಾಸ್ತಾನಿನ ಒಂದು ಕಂಪನಿಯಲ್ಲಿದ್ದಾನೆ.

ಭೌತಶಾಸ್ತ್ರದ ಸಿದ್ದಾರೂಢನದು ಬೇರೆ. ಅವನನ್ನು ಮುದ್ದೇಬಿಹಾಳದ ಎಣ್ಣೆ ಮಿಲ್ಲಿಗೆ ಹಾಕಿದ್ದಳು. ಎರಡನೆಯ ವಾರವೇ ಅವನ ಫೋನು ಬಂತು.

“ಅಕ್ಕಾರ, ಈ ಸದ್ದಿನ್ಯಾಗ ನನಗ ವಿಚಾರ ಮಾಡಾಕ ಆಗವಲ್ದು. ಮಾಲಕ್ರು ಚಲೋ ಅದಾರ್ರಿ, ಊಟಾ ಚಲೋ ಐತಿ. ಆದ್ರ ಒಂದು ಪ್ರಶ್ನಿ ಹಿಡದು ಕುಂತ್ರ ಅದು ಮುಗಿಯೂದ್ರಾಗ ಅವ್ರಿಗೆ ಇನ್ನೊಂದು ಬೇಕು. ನನಗ ಒಂದ ಪ್ರಶ್ನಿ ವರ್ಷಗಟ್ಟಲೆ ಬೇಕ್ರಿ.”

ಅವನ ದನಿಯಲ್ಲಿ ಅಳುಕಿತ್ತು. ವಿದ್ಯಾವತಿ ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಮೆಣಸಿನಪುಡಿಯ ಮಾದರಿ ತೂಗುತ್ತ ಕೇಳಿಸಿಕೊಂಡಳು.

“ಇದು ನಿನಗ ಮೊದಲ ಗೊತ್ತಿತ್ತೇನು, ಸಿದ್ದು?”

“ಇಲ್ರಿ. ಇಲ್ಲಿ ಬಂದ ಮ್ಯಾಲೆ ಗೊತ್ತಾತು.”

“ಹಂಗಾದ್ರ ಮಾಲಕ್ರಿಗೆ ಹೇಳಿ, ಚಹಾ ಕುಡದು ಹೊಂಡು. ಅವ್ರಿಗೆ ಬ್ಯಾಸರ ಆಗದಂಗ ನಾ ಫೋನ್ ಮಾಡ್ತೇನಿ.”

ಅವನು ಧಾರವಾಡಕ್ಕೆ ಮರಳಿದ. ಎರಡು ವರ್ಷದ ಮೇಲೆ ಖಾಯಂ ಹುದ್ದೆಯೂ ಸಿಕ್ಕಿತು, ಬೇರೆ ಜಿಲ್ಲೆಯಲ್ಲಿ. ಒಳ್ಳೆಯ ಮಾಸ್ತರ ಎಂದು ಹೆಸರಿದೆ. ಮುದ್ದೇಬಿಹಾಳದ ಮಾಲಕರು ಮಾತ್ರ ಅವನು ಮಿಲ್ಲು ಬಿಟ್ಟು ಹೋದ ಮರುವಾರವೇ ವಿದ್ಯಾವತಿಗೆ ಫೋನು ಮಾಡಿ ಕೇಳಿದರು: “ಆ ಹುಡುಗ ಹೋಗೂಮುಂದ, ನಿಮ್ಮ ಕುಸುಬಿ ಎಣ್ಣಿ ಥಂಡಿ ದಿನದಾಗ ಮಬ್ಬ ಆಗತೈತೇನು ಅಂತ ಕೇಳಿ ಹೋದ್ನಲ್ರಿ ಬಾಯಾರ. ಹೌದು, ಆಗತೈತಿ. ಯಾಕ ಆಗತೈತ್ರಿ?”

ವಿದ್ಯಾವತಿಗೆ ಗೊತ್ತಿರಲಿಲ್ಲ. ಬರುವ ಭಾನುವಾರ ಬರುತ್ತೇನೆ, ಮಬ್ಬಾದ ಎಣ್ಣೆಯ ಒಂದು ಡಬ್ಬಿ ಹಾಗೆಯೇ ತೆಗೆದಿಡಿ ಎಂದಳು.